ಆಕ್ವಿಲೈನ್‌ನಲ್ಲಿರುವುದು ನೀರಲ್ಲ, ಹದ್ದು
ಇಂಗ್ಲಿಷಿನ ‘ಆಕ್ವಿಲೈನ್’ ನೀರಿನಿಂದ ಬಂದ ಪದ ಎಂದು ನಿಮ್ಮ ಟಿಪ್ಪಣಿಯಲ್ಲಿ ಬರೆದಿದ್ದೀರಿ. ಪದದ ಮೊದಲ ತುಂಡೇ ನಿಮ್ಮ ದಾರಿ ತಪ್ಪಿಸಿದ್ದು. ಬಾಗಿದ ಮೂಗಿಗೆ ಹೇಳುವ ‘ಆಕ್ವಿಲೈನ್’ಗೂ ನೀರು ಎನ್ನುವ ಲ್ಯಾಟಿನ್ ‘ಆಕ್ವಾ’ಗೂ ನಂಟು ಹುಡುಕಬೇಡಿ. ಮೊದಲು ಬಾಲದ ‘ಐನ್’ ಕತ್ತರಿಸಿ. ಅದು ‘ಅದಕ್ಕೆ ಸೇರಿದ, ಅದರಂಥ’ ಎಂಬರ್ಥದ ಲ್ಯಾಟಿನ್ ‘ಈನುಸ್’ ಪ್ರತ್ಯಯ. ಉಳಿದದ್ದನ್ನು ಲ್ಯಾಟಿನ್ ನಿಘಂಟಿನಲ್ಲಿ ನೋಡಿ: ‘ಆಕ್ವಿಲಾ’, ಅಂದರೆ ಹದ್ದು. ಅದರ ಕೊಕ್ಕಿನಂತೆ ಬಾಗಿದ್ದು ಆಕ್ವಿಲೈನ್. (ನಾವು ಗಿಣಿಮೂಗು ಅನ್ನುತ್ತೇವಲ್ಲ, ಹಕ್ಕಿ ಬೇರೆ, ಕೊಕ್ಕಿನ ಡೊಂಕು ಅದೇ.) ಕೆನೈನ್, ಈಕ್ವೈನ್‌ಗಳನ್ನೂ ಹೀಗೇ ಬಿಡಿಸಬಹುದು: ಕಾನಿಸ್ ನಾಯಿ, ಎಕ್ವುಸ್ ಕುದುರೆ. ಆದರೆ ‘ಐನ್’ ಇದ್ದಲ್ಲೆಲ್ಲ ಪ್ರಾಣಿ ಇರುವುದಿಲ್ಲ. ‘ಆಲ್ಪೈನ್’ ಬಂದದ್ದು ಆಲ್ಪ್ಸ್ ಪರ್ವತದಿಂದ. ಆಕ್ವಿಲಾದ ಹಿಂದೆ ‘ಕಪ್ಪುಬಣ್ಣದ’ ಎಂಬ ‘ಆಕ್ವಿಲುಸ್’ ಇದೆಯೇ ಎಂಬುದರಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ. ನಿಮ್ಮ ಟಿಪ್ಪಣಿಯನ್ನು ಹದ್ದಿಗೇ ನಿಲ್ಲಿಸಿ.