ಪಾಯ ತೋಡುವಾಗ ಮೂಳೆ ಸಿಕ್ಕಿದರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಟ್ಟಡ, ರಸ್ತೆ, ಜಲಾಶಯದ ಕೆಲಸಕ್ಕೆ ನೆಲ ಅಗೆಯುವಾಗ ಸಿಗುವ ಪುರಾತನ ಪ್ರಾಣಿಗಳ ಪಳೆಯುಳಿಕೆಗಳ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರ ಕೊಡುತ್ತಿದ್ದೇನೆ. ನಾನು ಮ್ಯೂಸಿಯಂ ಒಂದರ ಪ್ರಯೋಗಾಲಯದಲ್ಲಿ ಕಲ್ಲು ಮಣ್ಣಿನಿಂದ ಮೂಳೆ ಬಿಡಿಸುವ ಕೆಲಸದವಳು. ಮೂಳೆ ನನ್ನ ಮೇಜಿಗೆ ಬರುವ ಹೊತ್ತಿಗೆ ಅದರ ಹಣೆಬರಹ ಮುಕ್ಕಾಲು ಪಾಲು ಸೈಟಿನಲ್ಲೇ ತೀರ್ಮಾನವಾಗಿರುತ್ತದೆ. ಹಾಗಾಗಿ ಈ ಪತ್ರಗಳನ್ನು ಬರೆದವರು ಅಗೆಯುವ ಜಾಗದಲ್ಲೇ ಇರುವವರು ಎಂದು ನೋಡಿ ತುಂಬಾ ಸಂತೋಷವಾಯಿತು.

ಪ್ರಶ್ನೆ: ಪಾಯ ತೋಡುವಾಗ ಬೂದು ಜೇಡಿಮಣ್ಣಿನಲ್ಲಿ ಕಂದು ಬಣ್ಣದ ದೊಡ್ಡ ಮೂಳೆಯಂಥದ್ದು ಕಂಡಿದೆ. ಅರ್ಧ ಹೊರಗೆ, ಅರ್ಧ ಮಣ್ಣಿನೊಳಗೆ. ಒಂದೆರಡು ತುಂಡು ಮುರಿದು ಬಿದ್ದಿವೆ. ಜೋಪಾನವಾಗಿ ತೆಗೆದು ತೊಳೆದು ಸೈಟ್ ಆಫೀಸಿನಲ್ಲಿ ಇಡಬಹುದೇ? (ಒಬ್ಬ ಸೈಟ್ ಎಂಜಿನಿಯರ್)

ಉತ್ತರ: ದಯವಿಟ್ಟು ತೆಗೆಯಬೇಡಿ. ತೊಳೆಯುವುದಂತೂ ಬೇಡವೇ ಬೇಡ. ಮೊದಲು ಆ ಮೂಲೆಯಲ್ಲಿ ಮಷಿನ್ ನಿಲ್ಲಿಸಿ. ಸುತ್ತ ಒಂದು ಹಗ್ಗ ಕಟ್ಟಿ. ಗುಂಡಿಯ ಅಂಚು ಕುಸಿಯುವಂತಿದ್ದರೆ ಯಾರನ್ನೂ ಕೆಳಗೆ ಇಳಿಸಬೇಡಿ. ಯಾವ ಮೂಳೆಯೂ ಒಬ್ಬ ಮನುಷ್ಯನ ಜೀವಕ್ಕಿಂತ ದೊಡ್ಡದಲ್ಲ.

ಜೇಡಿಮಣ್ಣಿನಲ್ಲಿ ಸಾವಿರಾರು ವರ್ಷ ತೇವದಲ್ಲೇ ಇದ್ದ ಮೂಳೆಗೆ ಬಿಸಿಲು ಬಿದ್ದರೆ ನೀರು ಬೇಗ ಆರುತ್ತದೆ. ಹೊರಗಿನ ಪದರ ಕುಗ್ಗುತ್ತದೆ, ಒಳಗಿನದು ಕುಗ್ಗುವುದಿಲ್ಲ. ಮೂಳೆ ಉದ್ದಕ್ಕೆ ಸೀಳುತ್ತದೆ, ಸಿಪ್ಪೆ ಏಳುತ್ತದೆ. ಇದಕ್ಕೆ ಜಾಸ್ತಿ ಹೊತ್ತೂ ಬೇಡ. ಒದ್ದೆ ಗೋಣಿಬಟ್ಟೆ ಹೊದಿಸಿ, ಮೇಲೆ ಪ್ಲಾಸ್ಟಿಕ್ ಶೀಟ್ ಹಾಕಿ, ನೆರಳು ಮಾಡಿ. ಮಳೆ ಬರುವಂತಿದ್ದರೆ ನೀರು ಆ ಕಡೆ ಹರಿಯದ ಹಾಗೆ ಸಣ್ಣ ಬದು ಕಟ್ಟಿ. ವಾರ್ನಿಷ್, ಅಂಟು, ಪೇಂಟ್ ಯಾವುದೂ ಬೇಡ.

ಆಮೇಲೆ ಫೋಟೋ ತೆಗೆಯಿರಿ. ಪಕ್ಕದಲ್ಲಿ ಅಳತೆ ಟೇಪ್ ಇಡಿ. ದೂರದಿಂದ ಒಂದು, ಹತ್ತಿರದಿಂದ ಒಂದು, ಗುಂಡಿಯ ಗೋಡೆಯ ಮಣ್ಣಿನ ಪದರಗಳೆಲ್ಲ ಕಾಣುವ ಹಾಗೆ ಇನ್ನೊಂದು. ನೆಲಮಟ್ಟದಿಂದ ಎಷ್ಟು ಆಳ ಎಂದು ಅಳೆದು ಬರೆಯಿರಿ. ಮೊಬೈಲ್‌ನಲ್ಲಿ ಜಾಗದ ಗುರುತು ಹಾಕಿ. ನೀವು ಎಂಜಿನಿಯರ್, ಮಟ್ಟ ಅಳೆಯುವ ಉಪಕರಣ ಸೈಟಿನಲ್ಲೇ ಇರುತ್ತದೆ. ಅದರಲ್ಲಿ ಒಂದು ರೀಡಿಂಗ್ ತೆಗೆದುಕೊಟ್ಟರೆ ನನ್ನಂಥವರು ಎಷ್ಟು ವರ್ಷವಾದರೂ ನಿಮ್ಮನ್ನು ನೆನೆಯುತ್ತೇವೆ.

ಮುರಿದು ಬಿದ್ದ ತುಂಡುಗಳನ್ನು ಮೆತ್ತಿಕೊಂಡ ಮಣ್ಣಿನ ಸಮೇತ ಬೇರೆ ಬೇರೆ ಚೀಲಕ್ಕೆ ಹಾಕಿ, ಯಾವ ಕಡೆ ಬಿದ್ದಿತ್ತು ಎಂದು ಚೀಟಿ ಬರೆದಿಡಿ. ಅದೇ ಜಾಗದಿಂದ ಆಗಲೇ ಎತ್ತಿ ಸುರಿದ ಮಣ್ಣಿದೆಯಲ್ಲ, ಅದನ್ನು ಲಾರಿಗೆ ತುಂಬಿಸಬೇಡಿ, ಬೇರೆಯಾಗಿ ಗುಡ್ಡೆ ಮಾಡಿಸಿ. ಅದರಲ್ಲಿ ಉಳಿದ ತುಂಡುಗಳು ಇರುತ್ತವೆ. ಇಲಿಯ ಹಲ್ಲು, ಬಸವನಹುಳುವಿನ ಚಿಪ್ಪು, ಬೀಜ, ಪರಾಗವೂ ಇರಬಹುದು. ಪ್ರಾಣಿ ಬದುಕಿದ್ದ ಕಾಲದ ಹವೆ ಹೇಗಿತ್ತು, ಸುತ್ತ ಕಾಡಿತ್ತೋ ಹುಲ್ಲುಗಾವಲಿತ್ತೋ ಎಂಬುದನ್ನು ಎಷ್ಟೋ ಸಲ ಈ ಸಣ್ಣ ವಸ್ತುಗಳೇ ಹೇಳುತ್ತವೆ. ನನಗೆ ಬರುವ ಚೀಲಗಳಲ್ಲಿ ಚೆನ್ನಾಗಿ ಕಾಣುವ ತುಂಡುಗಳನ್ನಷ್ಟೇ ಆರಿಸಿ, ತೊಳೆದು ಕಳಿಸಿದವು ಬಹಳ. ಮುರಿದ ಅಂಚು ಹೊಸದಾಗಿ, ತಿಳಿ ಬಣ್ಣದಲ್ಲಿದ್ದರೆ ಅದಕ್ಕೆ ಕೂಡುವ ತುಂಡು ಅಲ್ಲೇ ಎಲ್ಲೋ ಇತ್ತು ಎಂದು ಗೊತ್ತಾಗಿಬಿಡುತ್ತದೆ. ಆಗ ಆಗುವ ಸಂಕಟ ಹೇಳತೀರದು.

ಜಾಗದ ಗುರುತು ಯಾಕೆ ಇಷ್ಟು ಮುಖ್ಯ ಎಂಬುದಕ್ಕೆ ಚಿಲಿ ದೇಶದ ಸೆರ್ರೊ ಬಾಯೆನಾ ನೋಡಿ. ಅಟಕಾಮಾ ಮರುಭೂಮಿಯಲ್ಲಿ ಪ್ಯಾನ್ ಅಮೆರಿಕನ್ ಹೆದ್ದಾರಿ ಅಗಲ ಮಾಡುವಾಗ 2010ರಲ್ಲಿ ತಿಮಿಂಗಿಲಗಳ ಅಸ್ಥಿಪಂಜರಗಳು ಸಿಕ್ಕವು. ಲೆಕ್ಕ ಹಾಕಿದರೆ 40ಕ್ಕೂ ಹೆಚ್ಚು. ರಸ್ತೆ ಕೆಲಸದವರು ಕಾಯುವಂತಿರಲಿಲ್ಲ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ನಿಕ್ ಪೈಯೆನ್ಸನ್ ಮತ್ತು ಚಿಲಿಯ ಸಂಶೋಧಕರು ಮೂಳೆ ಎತ್ತುವ ಮೊದಲು ಇದ್ದಲ್ಲೇ ಲೇಸರ್ ಸ್ಕ್ಯಾನ್ ಮಾಡಿಸಿದರು. ತಿಮಿಂಗಿಲಗಳು ಹೆಚ್ಚಿನವು ಹೊಟ್ಟೆ ಮೇಲಾಗಿ ಬಿದ್ದಿದ್ದವು. ಒಂದರ ಮೇಲೊಂದು ನಾಲ್ಕು ಪದರಗಳಲ್ಲಿ ಇದ್ದವು. ಅಂದರೆ ಒಂದೇ ಸಲ ಸತ್ತದ್ದಲ್ಲ, ನಾಲ್ಕು ಬೇರೆ ಬೇರೆ ಕಾಲದಲ್ಲಿ ಹಿಂಡು ಹಿಂಡಾಗಿ ಸತ್ತು ದಡಕ್ಕೆ ಬಂದಿವೆ. ವಿಷಕಾರಿ ಪಾಚಿ ಕಾರಣ ಇರಬಹುದು ಎಂದು 2014ರಲ್ಲಿ ಅವರು ಬರೆದರು. ಮೂಳೆಗಳನ್ನು ಸುಮ್ನೆ ಲಾರಿಗೆ ಹಾಕಿ ತಂದಿದ್ದರೆ 40 ತಿಮಿಂಗಿಲ ಸಿಗುತ್ತಿದ್ದವು, ಈ ಕಥೆ ಸಿಗುತ್ತಿರಲಿಲ್ಲ.

ಇಷ್ಟು ಮಾಡಿ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ, ಮ್ಯೂಸಿಯಂಗೋ, ಸರ್ಕಾರದ ಭೂವಿಜ್ಞಾನ ಇಲಾಖೆಗೋ ಫೋಟೋ ಕಳಿಸಿ. ಅವರು ಬಂದು ಮೂಳೆಯ ಸುತ್ತ ಮಣ್ಣು ಬಿಟ್ಟು ಅಗೆದು, ಒದ್ದೆ ಕಾಗದ ಮುಚ್ಚಿ, ಪ್ಲಾಸ್ಟರ್‌ನಲ್ಲಿ ಅದ್ದಿದ ಗೋಣಿಪಟ್ಟಿ ಸುತ್ತುತ್ತಾರೆ. ಕಾಗದ ಇಲ್ಲದಿದ್ದರೆ ಪ್ಲಾಸ್ಟರ್ ಮೂಳೆಗೇ ಅಂಟಿಬಿಡುತ್ತದೆ. ಪ್ಲಾಸ್ಟರ್ ಗಟ್ಟಿಯಾದ ಮೇಲೆ ಮಣ್ಣಿನ ಸಮೇತ ಇಡೀ ಮುದ್ದೆಯನ್ನೇ ಎತ್ತುತ್ತಾರೆ.

ಪ್ರಶ್ನೆ: ಮೇಡಂ, ನಾನು ಹಿಟಾಚಿ ಓಡಿಸುತ್ತೇನೆ. ಕ್ಯಾಬಿನ್‌ನಲ್ಲಿ ಕೂತವನಿಗೆ ಬಕೆಟ್‌ಗೆ ಸಿಕ್ಕಿದ್ದು ಕಲ್ಲೋ ಮೂಳೆಯೋ ಹೇಗೆ ಗೊತ್ತಾಗಬೇಕು?

ಉತ್ತರ: ನಿಮಗೆ ಗೊತ್ತಾಗುವಷ್ಟು ಬೇರೆ ಯಾರಿಗೂ ಗೊತ್ತಾಗುವುದಿಲ್ಲ, ಇದು ನನ್ನ ಗಟ್ಟಿ ನಂಬಿಕೆ. ಅದೇ ಮಣ್ಣನ್ನು ದಿನವಿಡೀ ನೋಡುವವರು ನೀವು. ಬಣ್ಣ ಬದಲಾದರೆ, ಬಕೆಟ್‌ನ ಹಲ್ಲಿಗೆ ತಾಗುವ ರೀತಿ ಬದಲಾದರೆ ಕೈಗೇ ತಿಳಿಯುತ್ತದೆ.

ಕೆನಡಾದ ಆಲ್ಬರ್ಟಾದಲ್ಲಿ 2011ರ ಮಾರ್ಚ್‌ನಲ್ಲಿ ಗಣಿಯೊಂದರಲ್ಲಿ ಶಾನ್ ಫಂಕ್ ಎಂಬ ಆಪರೇಟರ್ ಅಗೆಯುತ್ತಿದ್ದರು. ಸುತ್ತಲಿನ ಕಲ್ಲಿಗಿಂತ ಬೇರೆ ಬಣ್ಣದ, ವಿಚಿತ್ರ ವಿನ್ಯಾಸದ ತುಂಡುಗಳು ಕಂಡು ಕೆಲಸ ನಿಲ್ಲಿಸಿದರು. ಅದು ಸುಮಾರು 11 ಕೋಟಿ ವರ್ಷ ಹಿಂದಿನ, ಮೈತುಂಬ ಕವಚವಿದ್ದ ಡೈನೋಸಾರ್. ಚರ್ಮ, ಕವಚ, ಕೊನೆಗೆ ಹೊಟ್ಟೆಯಲ್ಲಿದ್ದ ಆಹಾರವೂ ಉಳಿದಿತ್ತು. ಎತ್ತುವಾಗ ಬಂಡೆ ತನ್ನ ಭಾರಕ್ಕೇ ಒಡೆಯಿತು. ರಾಯಲ್ ಟಿರೆಲ್ ಮ್ಯೂಸಿಯಂನ ಮಾರ್ಕ್ ಮಿಚೆಲ್ ಐದು ವರ್ಷಕ್ಕೂ ಮೀರಿ, ಸುಮಾರು 7,000 ಗಂಟೆ ಕೂತು ಅದನ್ನು ಕಲ್ಲಿನಿಂದ ಬಿಡಿಸಿದರು. 2017ರಲ್ಲಿ ಅದಕ್ಕೆ ಬೊರಿಯಲೊಪೆಲ್ಟಾ ಮಾರ್ಕ್‌ಮಿಚೆಲಿ ಎಂದು ಅವರ ಹೆಸರನ್ನೇ ಇಟ್ಟರು. ನಮ್ಮ ಕೆಲಸದವರಿಗೆ ಇಂಥ ಗೌರವ ಸಿಗುವುದು ಅಪರೂಪ, ಅದನ್ನು ಓದಿದ ದಿನ ನನಗೆ ಹಬ್ಬವೇ ಆಗಿತ್ತು. ಆದರೆ ಫಂಕ್ ಇನ್ನೊಂದು ಬಕೆಟ್ ಎತ್ತಿಬಿಟ್ಟಿದ್ದರೆ ಮಿಚೆಲ್‌ಗೆ ಬಿಡಿಸಲು ಏನಿರುತ್ತಿತ್ತು?

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಕಲ್ಲುಗಣಿಯಲ್ಲಿ ಗ್ಯಾರಿ ಜಾನ್ಸನ್ ಜೇಡಿಮಣ್ಣು ಕೆರೆಯುವಾಗ ಮಷಿನ್ ಕೆಳಗೆ ಉಬ್ಬು ತಗ್ಗು ತಾಗಿತು. ಅವು 16.6 ಕೋಟಿ ವರ್ಷ ಹಳೆಯ ಡೈನೋಸಾರ್ ಹೆಜ್ಜೆಗಳು. 2024ರಲ್ಲಿ ಅಗೆದಾಗ ಸುಮಾರು 200 ಹೆಜ್ಜೆಗುರುತು ಸಿಕ್ಕವು.

ಗಮನಿಸಬೇಕಾದ್ದು ಇಷ್ಟು. ಸುತ್ತಲಿನ ಕಲ್ಲಿಗೆ ಹೊಂದದ ಬಣ್ಣ. ಎರಡೂ ಕಡೆ ಒಂದೇ ಥರ ಇರುವ ಆಕಾರ. ಮುರಿದ ಕಡೆ ಹೊರಗೆ ಗಟ್ಟಿ ಪದರ, ಒಳಗೆ ಸಣ್ಣ ಸಣ್ಣ ರಂಧ್ರಗಳ ಜಾಲ. ಹಲ್ಲಾದರೆ ಎನಾಮಲ್‌ನ ಹೊಳಪು. ಮ್ಯಾಮತ್ ಆನೆಯ ದವಡೆ ಹಲ್ಲಿನ ಮೇಲೆ ಅಡ್ಡಡ್ಡ ಏಣುಗಳ ಸಾಲಿರುತ್ತದೆ, ಆನೆಯನ್ನೇ ಹೋಲುತ್ತಿದ್ದ ಮಾಸ್ಟೊಡಾನ್ ಎಂಬ ಪ್ರಾಣಿಯ ಹಲ್ಲಿನ ಮೇಲೆ ದಪ್ಪ ದಪ್ಪ ಮೊನೆಗಳಿರುತ್ತವೆ. ನಾಲಿಗೆಗೆ ಅಂಟಿದರೆ ಮೂಳೆ ಎಂದು ಕೆಲವರು ಹೇಳುತ್ತಾರೆ. ಸೈಟ್ ಮಣ್ಣನ್ನು ನಾಲಿಗೆಗೆ ತಾಗಿಸುವುದು ಬೇಡ, ಕಣ್ಣು ಸಾಕು. ಮೂಳೆಯನ್ನು ಬೇರೇನೋ ಅಂದುಕೊಂಡವರೂ ಇದ್ದಾರೆ. ಬೆಲ್ಜಿಯಂನ ಬರ್ನಿಸಾರ್ ಕಲ್ಲಿದ್ದಲು ಗಣಿಯಲ್ಲಿ 1878ರಲ್ಲಿ, 322 ಮೀಟರ್ ಆಳದಲ್ಲಿ, ಕಾರ್ಮಿಕರು ಚಿನ್ನ ತುಂಬಿದ ಮರ ಸಿಕ್ಕಿತು ಅಂದುಕೊಂಡರು. ಹೊಳೆಯುತ್ತಿದ್ದದ್ದು ಪೈರೈಟ್ ಖನಿಜ, ಮರ ಅಂದುಕೊಂಡದ್ದು ಇಗ್ವಾನೊಡಾನ್ ಡೈನೋಸಾರ್‌ಗಳ ಮೂಳೆ. 30ಕ್ಕೂ ಹೆಚ್ಚು ಪ್ರಾಣಿಗಳು ಅಲ್ಲಿದ್ದವು. ಅದೇ ಪೈರೈಟ್ ಗಾಳಿಯ ತೇವ ತಾಗಿ ಕೊಳೆತು ಮೂಳೆಗಳನ್ನು ಪುಡಿ ಮಾಡತೊಡಗಿತು. ಅವನ್ನು ಉಳಿಸಲು ಮ್ಯೂಸಿಯಂನವರು ತಲೆಮಾರುಗಟ್ಟಲೆ ಒದ್ದಾಡಿದ್ದಾರೆ.

ಪ್ರಶ್ನೆ: ವರದಿ ಮಾಡಿದರೆ ಕೆಲಸ ವರ್ಷಗಟ್ಟಲೆ ನಿಲ್ಲುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ. ನಷ್ಟ ಯಾರು ಕೊಡುತ್ತಾರೆ? ಸುಮ್ಮನೆ ಮುಚ್ಚಿಬಿಡುವುದೇ ವಾಸಿ ಅಲ್ವಾ? (ಒಬ್ಬ ಗುತ್ತಿಗೆದಾರ)

ಉತ್ತರ: ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಬಾಡಿಗೆ ಮಷಿನ್ ಸುಮ್ಮನೆ ನಿಂತರೆ ಹೊಟ್ಟೆ ಉರಿಯುತ್ತದೆ. ಆದರೂ ಮುಚ್ಚುವುದು ವಾಸಿ ಎಂದು ನಾನು ಒಪ್ಪುವುದಿಲ್ಲ. ಅನೇಕ ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ ಕೂಡ.

ಸಾಮಾನ್ಯವಾಗಿ ನಿಲ್ಲುವುದು ಒಂದು ಮೂಲೆ, ಇಡೀ ಸೈಟ್ ನಿಲ್ಲುವುದಿಲ್ಲ. ಮಷಿನ್ ಇನ್ನೊಂದು ತುದಿಗೆ ಹೋಗುತ್ತದೆ. ಅಮೆರಿಕದ ಕೊಲರಾಡೊದ ಸ್ನೋಮಾಸ್ ವಿಲೇಜ್‌ನಲ್ಲಿ ಜಲಾಶಯ ದೊಡ್ಡದು ಮಾಡುವಾಗ 2010ರ ಅಕ್ಟೋಬರ್ 14ರಂದು ಬುಲ್ಡೋಜರ್ ಓಡಿಸುತ್ತಿದ್ದ ಜೆಸ್ಸಿ ಸ್ಟೀಲ್‌ಗೆ ಮ್ಯಾಮತ್ ಪಕ್ಕೆಲುಬು ಕಂಡಿತು. ಡೆನ್ವರ್‌ನ ಮ್ಯೂಸಿಯಂನವರು ಬಂದರು. ಚಳಿಗಾಲ ಬಂದು ಅಗೆತ ನಿಂತಿತು. ಮುಂದಿನ ಬೇಸಿಗೆಯಲ್ಲಿ ಇಂತಿಷ್ಟು ದಿನದೊಳಗೆ ಮುಗಿಸಬೇಕು ಎಂದು ಗಡುವು ಹಾಕಿಕೊಂಡು ಮತ್ತೆ ಅಗೆದರು. ಮಾಸ್ಟೊಡಾನ್, ಮ್ಯಾಮತ್, ನೆಲದ ಮೇಲೆ ಓಡಾಡುತ್ತಿದ್ದ ಸ್ಲಾತ್ ಎಂಬ ಪ್ರಾಣಿ, ಕಾಡೆಮ್ಮೆ, ಒಂಟೆ ಎಲ್ಲ ಸೇರಿ 35,000ಕ್ಕೂ ಹೆಚ್ಚು ಮೂಳೆಗಳು ಸಿಕ್ಕವು. ಜಲಾಶಯವೂ ಆಯಿತು.

ಲಾಸ್ ಏಂಜಲೀಸ್‌ನಲ್ಲಿ 2006ರಲ್ಲಿ ಕಲಾ ಮ್ಯೂಸಿಯಂನ ನೆಲದಡಿ ಪಾರ್ಕಿಂಗ್‌ಗೆ ಅಗೆದಾಗ ನೆಲದೊಳಗಿಂದ ತಾನಾಗಿ ಒಸರುವ ಡಾಂಬರಿನಲ್ಲಿ ಹೂತ ಮೂಳೆಗಳು ಸಿಕ್ಕವು. ಅಲ್ಲೇ ಕೂತು ಬಿಡಿಸಲಿಲ್ಲ. ಸುತ್ತ ಮರದ ಪೆಟ್ಟಿಗೆ ಕಟ್ಟಿ, ನೆಲವನ್ನೇ 23 ಪೆಟ್ಟಿಗೆಗಳಲ್ಲಿ ಎತ್ತಿ ಪಕ್ಕಕ್ಕೆ ಸಾಗಿಸಿದರು. ಪಾರ್ಕಿಂಗ್ ಕೆಲಸ ಮುಂದುವರಿಯಿತು, ಪೆಟ್ಟಿಗೆಗಳನ್ನು ವರ್ಷಗಟ್ಟಲೆ ನಿಧಾನವಾಗಿ ಬಿಡಿಸುತ್ತಾ ಬಂದಿದ್ದಾರೆ. ನನ್ನ ಮಟ್ಟಿಗೆ ಇದು ಇಬ್ಬರಿಗೂ ನ್ಯಾಯ ಮಾಡಿದ ದಾರಿ. ಸ್ಪೇನ್‌ನ ಲೋ ಉವೆಕೊದಲ್ಲಿ 2007ರಲ್ಲಿ ವೇಗದ ರೈಲು ಹಳಿಗೆ ಗುಡ್ಡ ಕಡಿಯುವಾಗ 10,000ಕ್ಕೂ ಹೆಚ್ಚು ಪಳೆಯುಳಿಕೆ ಸಿಕ್ಕವು, ಹಳಿ ಬಿತ್ತು, ರೈಲೂ ಓಡುತ್ತಿದೆ. ಮೆಕ್ಸಿಕೊ ನಗರದ ಹತ್ತಿರ ಹೊಸ ವಿಮಾನ ನಿಲ್ದಾಣದ ಜಾಗದಲ್ಲಿ ನೂರಾರು ಮ್ಯಾಮತ್‌ಗಳ ಮೂಳೆ ಬಂದವು. ನಿಲ್ದಾಣ 2022ರಲ್ಲಿ ತೆರೆಯಿತು.

ಮುಚ್ಚಿಡುವುದರಿಂದಲೋ ಆತುರದಿಂದಲೋ ಆಗುವ ನಷ್ಟವನ್ನೂ ನೋಡಿ. ಚೀನಾದ ಗಾನ್‌ಝೌ ಹತ್ತಿರ ಶಾಲೆ ಕಟ್ಟಲು ಬಂಡೆಗೆ ಸಿಡಿಮದ್ದು ಇಟ್ಟಾಗ ಡೈನೋಸಾರ್ ಒಂದು ಹೊರಬಂತು. ತಲೆ ಎತ್ತಿ, ಕೈ ಚಾಚಿದ ಭಂಗಿಯಲ್ಲೇ ಉಳಿದಿತ್ತು. ಬಹುತೇಕ ಪೂರ್ತಿ ಇದ್ದ ಪ್ರಾಣಿ. ಸ್ಫೋಟಕ್ಕೆ ಒಂದಷ್ಟು ಭಾಗ ಹೋಯಿತು. ಉಳಿದದ್ದನ್ನೇ ನೋಡಿ 2016ರಲ್ಲಿ ಟೊಂಗ್‌ಟಿಯನ್‌ಲಾಂಗ್ ಎಂಬ ಹೊಸ ಜಾತಿ ಎಂದು ಗುರುತಿಸಿದರು. ಹೋದ ಭಾಗ ಹೋದದ್ದೇ, ಅದನ್ನು ಯಾವ ಪ್ರಯೋಗಾಲಯವೂ ತಂದುಕೊಡಲಾರದು.

ನನ್ನ ಸಲಹೆ ಇದು. ಜೇಡಿ, ಮರಳುಗಲ್ಲು, ಸುಣ್ಣಕಲ್ಲು ಇರುವ ಜಾಗದಲ್ಲಿ ಆಳಕ್ಕೆ ಅಗೆಯುವ ಕೆಲಸ ಹಿಡಿದರೆ, ಸಿಕ್ಕರೆ ಯಾರಿಗೆ ಫೋನ್ ಮಾಡಬೇಕು, ಎಷ್ಟು ದಿನ ಅವಕಾಶ, ಖರ್ಚು ಯಾರದು ಎಂದು ಕರಾರಿನಲ್ಲೇ ಬರೆಸಿಕೊಳ್ಳಿ. ಬರೀ ಗ್ರಾನೈಟ್ ಆದರೆ ಚಿಂತೆ ಇಲ್ಲ, ಕರಗಿದ ಶಿಲೆ ಗಟ್ಟಿಯಾಗಿ ಆದದ್ದು ಅದು, ಪ್ರಾಣಿಗಳ ಮೂಳೆ ಉಳಿಯುವ ಪ್ರಶ್ನೆಯೇ ಇಲ್ಲ. ಇನ್ನೊಂದು ಮಾತು. ಮೂಳೆ ಕಂಡಿತು ಎಂದು ಹೇಳಿದ ಕೆಲಸಗಾರನ ಅರ್ಧ ದಿನದ ಕೂಲಿ ಕಡಿಯಬೇಡಿ. ಹಾಗೆ ಕಡಿದ ಸೈಟಿನಲ್ಲಿ ಮುಂದೆ ಯಾರ ಕಣ್ಣಿಗೂ ಏನೂ ಕಾಣುವುದಿಲ್ಲ.

ಪ್ರಶ್ನೆ: ನನ್ನ ಸ್ವಂತ ಜಾಗದಲ್ಲಿ ಸಿಕ್ಕರೆ ಅದು ನನ್ನದೇ ಅಲ್ಲವೇ? ಮಾರಬಹುದೇ?

ಉತ್ತರ: ಒಂದೊಂದು ಕಡೆ ಒಂದೊಂದು ಕಾನೂನು. ಅಮೆರಿಕದಲ್ಲಿ ಖಾಸಗಿ ಜಾಗದ್ದು ಸಾಮಾನ್ಯವಾಗಿ ಜಾಗದ ಒಡೆಯರದು. ಆಲ್ಬರ್ಟಾದಲ್ಲಿ ಜಾಗ ಯಾರದಾದರೂ ಪಳೆಯುಳಿಕೆ ಪ್ರಾಂತದ್ದು. ಚೀನಾದಲ್ಲಿ ಸರ್ಕಾರದ್ದು. ನಿಮ್ಮಲ್ಲಿ ಏನಿದೆ ಎಂದು ಮೊದಲು ಕೇಳಿ ತಿಳಿಯಿರಿ. ಪೋರ್ಚುಗಲ್‌ನ ಪೊಂಬಾಲ್‌ನಲ್ಲಿ 2017ರಲ್ಲಿ ಒಬ್ಬರಿಗೆ ಮನೆಯ ಹಿತ್ತಲಲ್ಲಿ ಕಟ್ಟಡ ಕೆಲಸದ ವೇಳೆ ಮೂಳೆ ಚೂರುಗಳು ಕಂಡವು. ಸಂಶೋಧಕರಿಗೆ ತಿಳಿಸಿದರು. 2022ರಲ್ಲಿ ಅಗೆದಾಗ ದೊಡ್ಡ ಸಸ್ಯಾಹಾರಿ ಡೈನೋಸಾರ್‌ನ ಪಕ್ಕೆಲುಬುಗಳು ಒಂದರ ಪಕ್ಕ ಒಂದು, ಇದ್ದ ಹಾಗೇ ಸಿಕ್ಕವು. ಆ ಚೂರುಗಳನ್ನು ಅವರು ಮಾರಿದ್ದರೆ ಆ ಹಿತ್ತಲಿಗೆ ಯಾರೂ ಹೋಗುತ್ತಿರಲಿಲ್ಲ.

ಪ್ರಶ್ನೆ: ಸಿಕ್ಕಿದ್ದು ಮನುಷ್ಯರ ಮೂಳೆ ಅನಿಸಿದರೆ?

ಉತ್ತರ: ಮುಟ್ಟಬೇಡಿ, ಮೊದಲು ಪೊಲೀಸರಿಗೆ ಹೇಳಿ. ಹಳೆಯದೋ ಹೊಸದೋ ಎಂಬುದನ್ನು ಅವರು ತಜ್ಞರಿಂದ ತಿಳಿಯುತ್ತಾರೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ದವಡೆ ಮೂಳೆ ಒಂದಿದೆ, ಎರಡು ತುಂಡಾಗಿದೆ. ಸೂಪರ್ ಗ್ಲೂ ಹಾಕಿ ಅಂಟಿಸಿ, ಕಾರ್ಬನ್ ಪರೀಕ್ಷೆಗೆ ಕಳಿಸೋಣ ಅಂತಿದ್ದೇವೆ. ಸರಿಯೇ? (ಒಬ್ಬ ವಿದ್ಯಾರ್ಥಿನಿ)

ಉತ್ತರ: ಅಂಟಿಸಬೇಡಮ್ಮ. ಅಂಟಿನಲ್ಲೂ ಕಾರ್ಬನ್ ಇದೆ, ಅದು ಮೂಳೆಯೊಳಗೆ ಇಳಿದರೆ ವಯಸ್ಸಿನ ಲೆಕ್ಕ ಕೆಡುತ್ತದೆ. ಕಾರ್ಬನ್ ಪರೀಕ್ಷೆ ಸುಮಾರು 50,000 ವರ್ಷದವರೆಗೆ ಮಾತ್ರ ನಡೆಯುತ್ತದೆ. ಅದಕ್ಕಿಂತ ಹಳೆಯದಾದರೆ ಮೂಳೆ ಇದ್ದ ಪದರದ ಮೇಲೆ ಕೆಳಗೆ ಜ್ವಾಲಾಮುಖಿ ಬೂದಿ ಇದ್ದರೆ ಅದರಿಂದ ವಯಸ್ಸು ಹಿಡಿಯುತ್ತಾರೆ. ಪ್ರಯೋಗಾಲಯದಲ್ಲಿ ನಾವು ಪ್ಯಾರಾಲಾಯ್ಡ್ ಬಿ-72 ಎಂಬ ಅಂಟು ಬಳಸುತ್ತೇವೆ. ಅಸಿಟೋನ್ ಹಾಕಿದರೆ ಮತ್ತೆ ಕರಗುತ್ತದೆ, ಹಾಗಾಗಿ ಬೇಕಾದಾಗ ಬಿಡಿಸಬಹುದು. ಅದೂ ಪರೀಕ್ಷೆಗೆ ಮಾದರಿ ತೆಗೆದ ಮೇಲೆ. ಸದ್ಯಕ್ಕೆ ಎರಡು ತುಂಡುಗಳನ್ನೂ ಬೇರೆ ಬೇರೆ ಡಬ್ಬಿಯಲ್ಲಿ, ಮೆತ್ತನೆ ಕಾಗದದ ಮೇಲೆ ಇಡು. ಮುರಿದ ಅಂಚುಗಳು ಒಂದಕ್ಕೊಂದು ಉಜ್ಜದಿರಲಿ. ಅದನ್ನು ಕಾಲೇಜಿಗೆ ತಂದುಕೊಟ್ಟವರು ಯಾರು, ಯಾವ ಜಾಗದ್ದು ಎಂದು ಹಳೆಯ ರಿಜಿಸ್ಟರ್‌ನಲ್ಲಿ ಹುಡುಕಿ, ಸಿಕ್ಕಿದ್ದನ್ನು ಡಬ್ಬಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡು.