ತಲಪಾಡಿ ದಾಟಿ ಬಂದ ಕಾಗದ

ಕಾಸರಗೋಡಿನ ಬದಿಯಡ್ಕ ಕಡೆಯ ಓದುಗರೊಬ್ಬರ ಪತ್ರ ಓದಿ ಎರಡು ದಿನ ನನಗೆ ಬೇರೆ ಕೆಲಸ ಹಿಡಿಸಲಿಲ್ಲ. ವಯಸ್ಸು 46. ಮಹಿಳೆಯರ ಶಿಬಿರವೊಂದರಲ್ಲಿ ನೋಟ್‌ಬುಕ್ ಕೊಟ್ಟು, ಬದುಕನ್ನು ಅಧ್ಯಾಯ ಮಾಡಿ ಹೆಸರಿಡಿ, ಅತಿ ಖುಷಿಯ ದಿನ, ಅತಿ ಕಷ್ಟದ ದಿನ, ದಾರಿ ತಿರುಗಿದ ದಿನ ಬರೆಯಿರಿ ಅಂದರಂತೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡ್ಯಾನ್ ಮ್ಯಾಕ್‌ಆಡಮ್ಸ್ ಜೀವನಕತೆ ಕೇಳುವ ಕ್ರಮವೂ ಹೀಗೆಯೇ, ಒಳ್ಳೆಯದೇ. ಇವರು ಬರೆದದ್ದು ಏಳು ಅಧ್ಯಾಯ, ಏಳೂ ಸೋಲು. ಮೊದಲನೆಯದರ ಹೆಸರು 'ಗಡಿಯಲ್ಲಿ ಹುಟ್ಟಿದ್ದೇ ತಪ್ಪು'. "ನಾನು ಧೈರ್ಯ ಮಾಡಲಿಲ್ಲ. ಈ ಕತೆ ಬದಲಿಸುವುದು ಹೇಗೆ?" ಎಂದು ಪ್ರಶ್ನೆ.

ತಂಗೀ, ಮೂರನೇ ಪುಟದಲ್ಲಿ ಆವರಣದೊಳಗೆ ಒಂದು ಸಾಲು ತುರುಕಿದ್ದೀರಿ: "ಮಂಗಳೂರಿನ ಕಾಲೇಜಿನ ಸೀಟಿನ ಕಾಗದವನ್ನು ಅಣ್ಣ ಅಡಿಕೆ ಲೆಕ್ಕದ ಪುಸ್ತಕದೊಳಗಿಟ್ಟು ಮರೆತ, ಸಿಗುವಾಗ ತಾರೀಕು ದಾಟಿತ್ತು."

ವಾರವಾರ ಬಿಡಿಸಿ ಕೂಡಿಸಿ ಕಳೆಯುವ ಪುಸ್ತಕ ಅದು. ಸುಲಿಯಲು ಬಂದವರ ಐದು ರೂಪಾಯಿ ಮುಂಗಡ ಮರೆಯದ ಮನುಷ್ಯ ಅದರೊಳಗಿನ ಕಾಗದ ಮರೆತನೇ? ನಾನಂತೂ ನಂಬುವುದಿಲ್ಲ.

ಎಲ್ಲವನ್ನೂ ಕಾಸರಗೋಡು ಕೇರಳಕ್ಕೆ ಸೇರಿಹೋದ 1956ರ ನವೆಂಬರ್ 1ರ ತಲೆಗೆ ಕಟ್ಟುವುದು ನಮ್ಮ ಕಾಸರಗೋಡಿನವರ ಚಾಳಿ. ಆ ಸಿಟ್ಟು ನನಗೂ ಇದೆ, ಸಾಯುವ ತನಕ ಇರುತ್ತದೆ. ಆದರೆ ನಿಮ್ಮ ಕಾಗದ ಎರಡು ರಾಜ್ಯಗಳ ಗಡಿಯ ತಲಪಾಡಿ ದಾಟಿ ಸುಸೂತ್ರವಾಗಿಯೇ ಬಂದಿತ್ತು. ನಿಂತದ್ದು ನಿಮ್ಮ ಮನೆಯ ಚಾವಡಿಯಲ್ಲಿ.

ಕೊನೆಯ ದಿನ "ಮನೆಯವರನ್ನೆಲ್ಲ ಕ್ಷಮಿಸಿದ್ದೇನೆ" ಎಂದು ಬರೆಸಿದ ಆ ಶಿಬಿರದ ಮೇಡಮ್ಮಿಗೆ ಏನನ್ನಲಿ! ಆದದ್ದೇನೆಂದು ಬರೆಯುವ ಮೊದಲೇ ಕ್ಷಮೆಯ ಅವಸರ.

ಕತೆ ಬದಲಿಸುವುದು ಆಮೇಲಾಯಿತು. ಆ ಒಂದು ಸಾಲನ್ನು ಆವರಣದಿಂದ ಹೊರಗೆ ತನ್ನಿ. ದಿನಕ್ಕೆ 15 ನಿಮಿಷ, ಬಿಡದೆ ನಾಲ್ಕು ದಿನ ಅದನ್ನೇ ಬರೆಯಿರಿ. ನಡೆದದ್ದೂ ಬೇಕು, ಆಗ ಹೊಟ್ಟೆಯಲ್ಲಾದ ಸಂಕಟವೂ ಬೇಕು. ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಂದ ಹೀಗೇ ಬರೆಸಿದ್ದರು. ಎರಡನ್ನೂ ಬರೆದವರ ಮನಸ್ಸು ಬರೆದ ಕೂಡಲೇ ಇನ್ನಷ್ಟು ಕುಗ್ಗಿತ್ತು, ಮುಂದಿನ ತಿಂಗಳುಗಳಲ್ಲಿ ಕಾಯಿಲೆಯೆಂದು ವೈದ್ಯರ ಬಳಿ ಹೋದದ್ದು ಮಾತ್ರ ಕಡಿಮೆ. ಹಾಗಾಗಿ ಮೊದಲ ರಾತ್ರಿ ಅಳು ಬಂದರೆ ಹೆದರಬೇಡಿ. ನಿದ್ದೆಯೇ ಹಾರಿಹೋದರೆ ನಿಲ್ಲಿಸಿ, ಡಾಕ್ಟರಲ್ಲಿ ಮಾತಾಡಿ.

'ಮರೆತ' ಎಂಬ ಮಾತನ್ನು ಮಾತ್ರ ಆ ನಾಲ್ಕು ದಿನ ಬರೆಯಬಾರದು. ಅದು ಅಣ್ಣ ಹೇಳಿದ್ದು. ನೀವು ಕಣ್ಣಾರೆ ಕಂಡದ್ದು 'ಇಟ್ಟಿದ್ದ' ಎಂಬಷ್ಟೇ.

ನೋಟ್‌ಬುಕ್ ಅಕ್ಕಿ ಡಬ್ಬಿಯ ಹಿಂದೆ ಇಡಿ. ಅಲ್ಲಿಗೆ ಅಣ್ಣ ಕೈ ಹಾಕುವವನಲ್ಲ.