ಟೀಚರ್ ಇಲ್ಲದೆ ಆ್ಯಪ್, ಯೂಟ್ಯೂಬ್ ನೋಡ್ಕೊಂಡು ಪಿಯಾನೋ ಕಲಿಯೋಕಾಗುತ್ತಾ?

ಆಗುತ್ತೆ. ಮನೇಲಿ 61 ಕೀ ಇರೋ ಕೀಬೋರ್ಡ್ ಇದೆ, ಕ್ಲಾಸಿಗೆ ಹೋಗೋಕೆ ಟೈಮಿಲ್ಲ, ಚಿಕ್ಕೋರಿದ್ದಾಗ ಕರ್ನಾಟಕ ಸಂಗೀತದ ಮೊದಲ ಪಾಠ ಸರಳೆ ವರಸೆ ಹಾಡ್ತಿದ್ದೆ ಅಂತ ಬರ್ದಿದ್ದೀರಲ್ಲ, ಶುರು ಮಾಡೋಕೆ ಅಷ್ಟು ಧಾರಾಳ ಆಯ್ತು. ನಾನೂ ಆಫೀಸ್ ಮುಗಿಸ್ಕೊಂಡು ಬಂದು ರಾತ್ರಿ ಹೊತ್ತು ಹೀಗೇ ಕಲೀತಿರೋನು. ಆದ್ರೆ ಸಾಫ್ಟ್‌ವೇರ್‌ಗೆ ನಿಮ್ಮ ಬಗ್ಗೆ ಏನು ಗೊತ್ತಾಗುತ್ತೆ, ಏನು ಗೊತ್ತಾಗಲ್ಲ ಅನ್ನೋದನ್ನ ಮೊದ್ಲೇ ತಿಳ್ಕೊಂಡು ಕೂತ್ಕೊಳ್ಳಿ.

ಫೋನ್ ಮೈಕ್ ನಂಬ್ಕೊಬೇಡಿ. ಒಂದೊಂದೇ ಸ್ವರ ನುಡಿಸಿದ್ರೆ ಸರಿಯಾಗೇ ಹಿಡಿಯುತ್ತೆ, ಮೂರು ಕೀ ಒಟ್ಟಿಗೆ ಒತ್ತೋ ಕಾರ್ಡ್ ಬಂತು, ಮೇಲೆ ಫ್ಯಾನ್ ಸದ್ದು, ಪಕ್ಕದ ರೂಮಲ್ಲಿ ಸೀರಿಯಲ್ಲು ಅಂದ್ರೆ ಆ್ಯಪ್ ಏನೇನೋ ಕೇಳಿಸ್ಕೊಳ್ಳುತ್ತೆ. ಕೀಬೋರ್ಡ್ ಹಿಂದೆ ಚೌಕಾಗಿರೋ ಯುಎಸ್‌ಬಿ ಪೋರ್ಟ್ ಇದ್ರೆ ಪ್ರಿಂಟರ್ ಕೇಬಲ್ಲೇ ಸಾಕು, ಫೋನಿಗಾದ್ರೆ ಜೊತೆಗೊಂದು ಓಟಿಜಿ ಅಡಾಪ್ಟರ್ (ಫೋನಿಗೆ ಯುಎಸ್‌ಬಿ ಕೇಬಲ್ ಸಿಗಿಸೋ ಪುಟ್ಟ ಕನೆಕ್ಟರ್). ಈ ಕೇಬಲ್ಲಲ್ಲಿ ಹೋಗೋದು ಮಿಡಿ ಅಂತ, 1983ರಿಂದ ಇರೋ ಸ್ಟ್ಯಾಂಡರ್ಡ್. ಯಾವ ಕೀ, ಯಾವಾಗ ಒತ್ತಿದ್ರಿ, ಯಾವಾಗ ಬಿಟ್ರಿ, ಎಷ್ಟು ಜೋರಾಗಿ ಒತ್ತಿದ್ರಿ ಅನ್ನೋದಕ್ಕೆ 1ರಿಂದ 127ರೊಳಗೆ ಒಂದು ನಂಬರು, ಹೆಚ್ಚೂಕಮ್ಮಿ ಇಷ್ಟೇ. (ಕೀಬೋರ್ಡ್‌ಗೆ ಟಚ್ ಸೆನ್ಸಿಟಿವಿಟಿ ಇಲ್ದಿದ್ರೆ ಆ ನಂಬರೂ ಬದಲಾಗಲ್ಲ.) ಹಾಂ, ಬ್ಲೂಟೂತ್ ಹೆಡ್‌ಫೋನ್ ಬೇಡ, ಒತ್ತಿದ್ಮೇಲೆ ಸದ್ದು ತಡವಾಗಿ ಬಂದು ತಾಳ ಕೆಡುತ್ತೆ.

ಈಗ ನೋಡಿ, ಯಾವ ಬೆರಳಲ್ಲಿ ಒತ್ತಿದ್ರಿ ಅನ್ನೋದು ಇದ್ರಲ್ಲಿ ಎಲ್ಲೂ ಇಲ್ಲ. ಬಲಗೈಲಿ ಸಿ ಮೇಜರ್ ಸ್ಕೇಲ್ (ಎರಡು ಕಪ್ಪು ಕೀ ಗುಂಪಿನ ಎಡಪಕ್ಕದ ಬಿಳಿ ಕೀನೇ ಸಿ, ಅಲ್ಲಿಂದ ಸಾಲಾಗಿ ಎಂಟು ಬಿಳಿ ಕೀ) ನುಡಿಸ್ಬೇಕಾದ್ರೆ ಮೂರು ಸ್ವರ ಆದ್ಮೇಲೆ ಹೆಬ್ಬೆರಳು ಕೈ ಅಡಿಯಿಂದ ನುಸುಳಿ ನಾಲ್ಕನೇದ್ರ ಮೇಲೆ ಬರ್ಬೇಕು, ಅದನ್ನ ಬಿಟ್ಟು ತೋರುಬೆರಳೊಂದ್ರಲ್ಲೇ ಎಂಟೂ ಕುಟ್ಟಿದ್ರೂ ಆ್ಯಪ್ ಹಸಿರು ಟಿಕ್ ಹಾಕಿ ಭೇಷ್ ಅನ್ನುತ್ತೆ. ಮಣಿಕಟ್ಟು ಬಿಗಿಯಾಗಿದೆ, ಭುಜ ಕಿವಿ ಹತ್ರ ಏರಿದೆ ಅನ್ನೋದೂ ಅದಕ್ಕೆ ತಿಳಿಯಲ್ಲ. ಅದಕ್ಕೇ ವಾರಕ್ಕೊಂದ್ಸಲ ಫೋನನ್ನ ಪಕ್ಕದಲ್ಲಿ ನಿಲ್ಲಿಸಿ ಕೈ ವಿಡಿಯೋ ಮಾಡ್ಕೊಳ್ಳಿ, ಮುಜುಗರ ಆಗುತ್ತೆ, ಆಗ್ಲಿ.

ಮೇಲಿಂದ ಬಣ್ಣದ ಪಟ್ಟಿ ಬೀಳೋ ಸಿಂಥೀಸಿಯಾ ಥರದ ಆ್ಯಪ್ ನೋಡಿರ್ತೀರ, ಅದಕ್ಕೆ ಮೊದ್ಲಿದ್ದ ಹೆಸ್ರೇ ಪಿಯಾನೋ ಹೀರೋ, ಗಿಟಾರ್ ಹೀರೋ ಗೇಮ್ ಥರ. ಅದ್ರಲ್ಲಿ ನೀವು ಸರಿ ಕೀ ಒತ್ತೋ ತನಕ ಕಾಯೋ ಮೋಡ್ ಇದ್ಯಲ್ಲ, ಮೊದ್ಲ ದಿನಗಳಿಗೆ ಒಳ್ಳೇದೇ, ಆದ್ರೆ ಅದಕ್ಕೇ ಅಂಟ್ಕೊಂಡ್ರೆ ತಾಳ ಅನ್ನೋದೇ ಬರಲ್ಲ, ಸ್ಕ್ರೀನ್ ಆಫ್ ಮಾಡಿದ್ರೆ ಕೈ ನಿಂತೇ ಹೋಗುತ್ತೆ. ನನ್ನ ಕೇಳಿದ್ರೆ ಒಂದೊಂದು ಕೈ ಬೇರೆಬೇರೆ ಮಾಡಿ ಎರಡು ಸಾಲು ಕಲ್ತು ಆ ಆ್ಯಪ್ ಮುಚ್ಚಿ, ಮೆಟ್ರೊನೋಮ್ (ಟಿಕ್ ಟಿಕ್ ಅಂತ ತಾಳ ಹಿಡಿಯೋದು) ನಿಧಾನಕ್ಕಿಟ್ಟು ನುಡಿಸಿ. ಮ್ಯೂಸ್‌ಸ್ಕೋರ್ ಅನ್ನೋ ನೊಟೇಶನ್ ಸಾಫ್ಟ್‌ವೇರ್ ಫ್ರೀ, ಮಿಡಿ ಫೈಲ್ ಕೊಟ್ರೆ ನೊಟೇಶನ್ ಮಾಡಿ ತೋರ್ಸುತ್ತೆ, ವೇಗ ಇಳಿಸಿ ಕೇಳಬಹುದು. ನೊಟೇಶನ್ ಓದೋದು ಬೋರು, ಆದ್ರೂ ಬಿಡಬೇಡಿ.

ವಿಡಿಯೋ ನೋಡುವಾಗ ಮೇಲಿಂದ ಕೈ ತೋರ್ಸೋರನ್ನೇ ಆರಿಸ್ಕೊಳ್ಳಿ. ಯೂಟ್ಯೂಬಲ್ಲಿ ಸ್ಪೀಡ್ ಅರ್ಧ ಮಾಡಿದ್ರೂ ಶ್ರುತಿ ಇಳಿಯಲ್ಲ. ಕಂಪ್ಯೂಟರಲ್ಲಾದ್ರೆ ಪಾಸ್ ಮಾಡಿ ಕಾಮಾ, ಫುಲ್‌ಸ್ಟಾಪ್ ಕೀ ಒತ್ತಿ, ಒಂದೊಂದೇ ಫ್ರೇಮ್ ಹಿಂದೆ ಮುಂದೆ ಹೋಗುತ್ತೆ, ಹೆಬ್ಬೆರಳು ಯಾವಾಗ ದಾಟ್ತು ಅಂತ ಅಲ್ಲೇ ಕಾಣುತ್ತೆ.

ನಿಮಗೆ ಸರಳೆ ವರಸೆ ಗೊತ್ತಿರೋದಂತೂ ದೊಡ್ಡ ಲಾಭ, ಕಿವಿ ಆಗ್ಲೇ ತಯಾರಿದೆ. ಸಿ ಇಂದ ಬರೀ ಬಿಳಿ ಕೀ ನುಡಿಸ್ತಾ ಹೋದ್ರೆ ಶಂಕರಾಭರಣ ರಾಗ. ಸಿ ಷಡ್ಜ ಇಟ್ಕೊಂಡು ರಿಷಭ, ಧೈವತಕ್ಕೆ ಮಾತ್ರ ಪಕ್ಕದಲ್ಲೇ ಎಡಕ್ಕಿರೋ ಕಪ್ಪು ಕೀಗೆ ಬಂದ್ರೆ ನೀವು ಹಾಡ್ತಿದ್ದ ಮಾಯಾಮಾಳವಗೌಳ. ಮೂರು ಕಪ್ಪು ಕೀ ಗುಂಪಿದ್ಯಲ್ಲ, ಅದ್ರ ಎಡಗಡೇದನ್ನ ಷಡ್ಜ ಮಾಡ್ಕೊಂಡು ಬರೀ ಕಪ್ಪಲ್ಲೇ ಹೋಗಿ, ಮೋಹನ! ಗಮಕ ಬರಲ್ಲ ಬಿಡಿ, ಎರಡು ಕೀ ಮಧ್ಯೆ ಜಾರೋಕೆ ಪಿಯಾನೋಲಿ ಜಾಗ ಇಲ್ಲ. ಗೊತ್ತಿರೋ ಹಾಡನ್ನ ಮೊದ್ಲು ಸ್ವರ ಹಾಡ್ಕೊಂಡು ಆಮೇಲೆ ಕೀ ಹುಡುಕಿ, ಇದನ್ನ ಆ್ಯಪ್‌ಗಳು ಸಾಮಾನ್ಯವಾಗಿ ಮಾಡ್ಸಲ್ಲ.

ಎಬಿಆರ್‌ಎಸ್‌ಎಂ (ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ) ಥರ ಗ್ರೇಡ್ ಪರೀಕ್ಷೆ ಕಟ್ಟೋ ಯೋಚನೆ ಇದ್ರೆ ಮಾತು ಬೇರೆ, ಅಲ್ಲಿನ ಪ್ರಾಕ್ಟಿಕಲ್ ಗ್ರೇಡಲ್ಲಿ ಸ್ಕೇಲು, ನೋಡಿದ ತಕ್ಷಣ ಓದಿ ನುಡಿಸೋದು, ಕಿವಿ ಪರೀಕ್ಷೆ ಎಲ್ಲಾ ಇರುತ್ತೆ, ಟೀಚರ್ ಬೇಕೇ ಬೇಕು. ಇಲ್ಲಾಂದ್ರೂ ಯಾವಾಗಾದ್ರೂ ಒಂದು ಕ್ಲಾಸಿಗೆ ದುಡ್ಡು ಕೊಟ್ಟು ಕೈ ತೋರ್ಸಿ ಬನ್ನಿ. ಮಣಿಕಟ್ಟು ನೋವು ಬಂತೋ, ಅವತ್ತಿಗೆ ನಿಲ್ಸಿ, ಮತ್ತೆ ಮತ್ತೆ ಬಂದ್ರೆ ಮೊದ್ಲು ಸ್ಟೂಲಿನ ಎತ್ತರ ನೋಡಿ, ಮೊಣಕೈ ಕೀಬೋರ್ಡ್ ಮಟ್ಟಕ್ಕಿರ್ಬೇಕು.